ಮೆಣಸಿನ ಸಸಿ ಒಂದೊಂದಾಗಿ ಕಪ್ಪಿಗೆ ಹಾಕುವುದು ಯಾವಾಗ? ನೇರ ದೊಡ್ಡ ಕುಂಡಕ್ಕೇ ಹಚ್ಚಬಹುದಾ?

ಮಾಳಿಗೆ_ತೋಟ | ವಿಜಯಪುರ

ಎಲ್ಲರಿಗೂ ನಮಸ್ಕಾರ. ಮಾಳಿಗೆ ಮೇಲೆ ಒಂದು ಅಗಲ ಡಬ್ಬಿಯಲ್ಲಿ ಮೆಣಸಿನ ಬೀಜ ಹಾಕಿದ್ದೆ. ಅರ್ಧ ಬ್ಯಾಡಗಿ, ಮನೆಯ ಒಣ ಮೆಣಸಿನಕಾಯಿ ಒಡೆದು ತೆಗೆದ ಬೀಜ. ಇನ್ನರ್ಧ ದೊಣ್ಣೆ ಮೆಣಸಿನಕಾಯಿ, ಅಂಗಡಿಯ ಪಾಕೀಟಿನದು. ಎರಡೂ ಒತ್ತೊತ್ತಾಗಿ ಹುಟ್ಟಿವೆ. ಬೀಜದ ಎಲೆ ಎರಡೂ ಪೂರ್ತಿ ಬಿಚ್ಚಿವೆ, ಅವುಗಳ ನಡುವೆ ನಿಜವಾದ ಎಲೆಯ ಮೊದಲ ಜೋಡಿ ಈಗ ಕಾಣುತ್ತಿದೆ.

ಬೇರೆ ಮಾಡಬೇಕು ಅನ್ನುವುದು ಗೊತ್ತು. ಯಾವಾಗ, ಯಾವುದಕ್ಕೆ ಅನ್ನುವುದೇ ಮನೆಯಲ್ಲಿ ಜಗಳ. "ನೇರ ದೊಡ್ಡ ಕುಂಡಕ್ಕೇ ಹಚ್ಚು, ಎರಡೆರಡು ಸಲ ಕಿತ್ತರೆ ಗಿಡ ಸೊರಗುತ್ತದೆ" ಅನ್ನುತ್ತಾರೆ ಅತ್ತೆ. ಯೂಟ್ಯೂಬಿನಲ್ಲಿ ಎಲ್ಲರೂ ಮೊದಲು ಸಣ್ಣ ಕಪ್ಪು, ಆಮೇಲೆ ಕುಂಡ ಅನ್ನುತ್ತಾರೆ. ಮನೆಯಲ್ಲಿ ಕಾಗದದ ಚಹಾ ಕಪ್ಪು, ಮೊಸರಿನ ಡಬ್ಬಿ, ಖಾಲಿ ಹಾಲಿನ ಪಾಕೀಟು ಬೇಕಾದಷ್ಟಿವೆ. ಮಣ್ಣು ಅಂದರೆ ಎರೆ ಮಣ್ಣು. ಒಂದು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಇದೆ. ಫೆಬ್ರವರಿ ಇನ್ನೂ ಮುಗಿದಿಲ್ಲ, ಬಿಸಿಲು ಆಗಲೇ ಜೋರಾಗಿದೆ.

ಇನ್ನೊಂದು ವಿಷಯ. ಡಬ್ಬಿಯ ಒಂದು ಮೂಲೆಯಲ್ಲಿ ಕೆಲವು ಸಸಿ ಬುಡದಲ್ಲಿ ಸಣ್ಣಗಾಗಿ ಮಲಗಿಬಿಟ್ಟಿವೆ. ಮೇಲಿನ ಎಲೆ ಹಸಿರಾಗೇ ಇವೆ. ನೀರು ಕಮ್ಮಿಯಾಯಿತಾ?

ಖಾರಪುಡಿ | ಗೋಕಾಕ

ಸಂತೆಯಲ್ಲಿ ಅಗಿ (ಸಸಿ) ಕಟ್ಟುಗಟ್ಟಲೆ ಸಿಗುತ್ತದೆ ರೀ. ಸುಮ್ನೆ ಯಾಕೆ ಇಷ್ಟು ಉಸಾಬರಿ?

ಟ್ರೇ_ಕೆಲಸ | ಬಾಗಲಕೋಟೆ

ನೀರು ಕಮ್ಮಿ ಅಲ್ಲ ಅಕ್ಕಾವ್ರೇ, ಜಾಸ್ತಿ. ದಯವಿಟ್ಟು ಇವತ್ತು ಅದಕ್ಕೆ ಇನ್ನೊಂದು ತಂಬಿಗೆ ನೀರು ಹಾಕಬೇಡಿ.

ನಾನು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಮೆಣಸು, ಟೊಮೆಟೊ, ಬದನೆ ಟ್ರೇಗಳೇ ದಿನವೂ ಕಣ್ಣ ಮುಂದೆ. ನೀವು ಹೇಳಿದ್ದು ಸಸಿ ಸಾಯುವ ರೋಗ, ಕೆಲವರು ಬುಡ ಕೊಳೆ ಅನ್ನುತ್ತಾರೆ. ಪಿಥಿಯಮ್, ರೈಜೋಕ್ಟೋನಿಯಾ ಅಂತ ಮಣ್ಣಲ್ಲಿರುವ ಬೂಷ್ಟಿನ ಜಾತಿಯವು ಮಾಡುವ ಕೆಲಸ. ಮಣ್ಣಿಗೆ ತಾಗುವ ಜಾಗದಲ್ಲೇ ದಂಟು ಕೊಳೆಯುತ್ತದೆ. ಅದಕ್ಕೇ ಮೇಲೆ ಎಲೆ ಹಸಿರಾಗಿರುವಾಗಲೇ ಸಸಿ ಬೀಳುವುದು. ಒತ್ತಾಗಿ ಬಿತ್ತಿದ್ದು, ಗಾಳಿ ಆಡದ್ದು, ಯಾವಾಗಲೂ ಒದ್ದೆ ಇರುವ ಮಣ್ಣು, ಈ ಮೂರೂ ಸೇರಿದರೆ ಒಂದು ಮೂಲೆಯಿಂದ ಶುರುವಾಗಿ ಡಬ್ಬಿಯನ್ನೇ ಖಾಲಿ ಮಾಡುತ್ತದೆ.

ಬಿದ್ದವುಗಳನ್ನು ಸುತ್ತಲಿನ ಮಣ್ಣು ಸಮೇತ ಚಮಚದಲ್ಲಿ ಎತ್ತಿ ಆಚೆ ಎಸೆಯಿರಿ. ಗೊಬ್ಬರದ ಗುಂಡಿಗೂ ಬೇಡ. ಉಳಿದದ್ದಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಸ್ವಲ್ಪ ಸ್ವಲ್ಪ ಸುರಿಯಬಹುದು. ರಾಸಾಯನಿಕ ಬೇಡ ಅನ್ನುವವರು ಟ್ರೈಕೋಡರ್ಮಾ ಹಾಕುತ್ತಾರೆ, ಆದರೆ ಅದು ಬರುವ ಮುಂಚೆ ಹಾಕಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಂದ ಮೇಲೆ ಅಷ್ಟಕ್ಕಷ್ಟೇ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ, ತಾಮ್ರ ಅದನ್ನೂ ಬಿಡುವುದಿಲ್ಲ.

ಇನ್ನು ಬೇರೆ ಮಾಡುವ ಮಾತು. ನಿಜವಾದ ಎಲೆಯ ಒಂದು ಜೋಡಿ ಬಿಚ್ಚಿದರೆ ಅದೇ ಸರಿಯಾದ ಹೊತ್ತು. ರೋಗವೂ ಬಂದಿರುವುದರಿಂದ ನಾಳೆ ಅನ್ನಬೇಡಿ, ನಿಂತಿರುವ ಸಸಿಗಳನ್ನು ಇವತ್ತು ಸಂಜೆಯೇ ಬೇರೆ ಮಾಡಿ.

ಎರೆಹೊಲ | ಇಂಡಿ

ನಮ್ಮ ಅಪ್ಪ, ಅಜ್ಜ ಎಲ್ಲ ಮಡಿಯಲ್ಲಿ ಬೀಜ ಚೆಲ್ಲಿ, ಗೇಣುದ್ದ ಆದ ಮೇಲೆ ಕಿತ್ತು, ಹೊಲದಲ್ಲಿ ಹಚ್ಚಿದರು. ಬೇರಿನಲ್ಲಿ ಮಣ್ಣೂ ಇರುತ್ತಿರಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಬಂಡಿಯಲ್ಲಿ ತರುತ್ತಿದ್ದರು. ಆಗ ಯಾರೂ ಚಹಾ ಕಪ್ಪು ಹುಡುಕಲಿಲ್ಲ. ಮೆಣಸಿನಕಾಯಿ ಬೆಳೆಯಲಿಲ್ವಾ? ಅತ್ತೆಯವರು ಹೇಳಿದ್ದೇ ಸರಿ. ಗಿಡಕ್ಕೆ ಪದೇ ಪದೇ ಮನೆ ಬದಲಿಸಬಾರದು.

ಟ್ರೇ_ಕೆಲಸ | ಬಾಗಲಕೋಟೆ

ಅಣ್ಣಾವ್ರೇ, ಮಡಿಯಲ್ಲಿ ಸಾಲು ಬಿಟ್ಟು ತೆಳ್ಳಗೆ ಬಿತ್ತಿದರೆ ನೀವು ಹೇಳಿದ್ದು ಖರೆ. ಅಲ್ಲಿ ಸಸಿ 40-45 ದಿನ ಬೆಳೆದಿರುತ್ತದೆ, ದಂಟು ಗಟ್ಟಿಯಾಗಿರುತ್ತದೆ, ಹೊಲದಲ್ಲಿ ಸಾವಿರಗಟ್ಟಲೆ ಹಚ್ಚುವಾಗ ನೂರು ಸತ್ತರೂ ಮತ್ತೆ ತುಂಬಿಸುತ್ತೀರಿ. ಇವರದ್ದು ಐಸ್‌ಕ್ರೀಮ್ ಡಬ್ಬಿಯಷ್ಟು ಜಾಗ, ಒಂದರ ಮೈಮೇಲೆ ಒಂದು. ಅಲ್ಲೇ 40 ದಿನ ಬಿಟ್ಟರೆ ಬೆಳಕಿಗೆ ಎಳೆದಾಡಿ ಉದ್ದಕ್ಕೆ ಸಪೂರ ಆಗುತ್ತವೆ. ನಾವು 98 ಕುಳಿಯ ಟ್ರೇಯಲ್ಲಿ ಕುಳಿಗೆ ಒಂದೇ ಬೀಜ ಹಾಕುವುದು ಇದಕ್ಕೇ. ಅಲ್ಲಿ ಬೇರೆ ಮಾಡುವ ಪ್ರಶ್ನೆಯೇ ಬರುವುದಿಲ್ಲ.

ಇವತ್ತು ನಿಮ್ಮ ಇಂಡಿ ಕಡೆಯೇ ಎಷ್ಟು ರೈತರು ಟ್ರೇ ಸಸಿ ತರುತ್ತಾರೆ, ನೋಡಿಲ್ವಾ?

ಎರೆಹೊಲ | ಇಂಡಿ

ತರುತ್ತಾರೆ. ದುಡ್ಡು ಜಾಸ್ತಿ ಆಗಿದೆ, ಅದಕ್ಕೆ.

ಟಿಳಕವಾಡಿ_ಬಾಲ್ಕನಿ | ಬೆಳಗಾವಿ

ಬೇಸಾಯದ ಜಗಳ ಆಮೇಲೆ ಮಾಡಿ. ಅವರು ಕೇಳಿದ್ದು ಹೇಗೆ ಬೇರೆ ಮಾಡುವುದು ಅಂತ. ನಾನು ಮಾಡುವ ರೀತಿ ಹೇಳುತ್ತೇನೆ.

ಮೊದಲು ಕಪ್ಪುಗಳನ್ನು ತಯಾರು ಮಾಡಿಟ್ಟುಕೊಳ್ಳಿ, ಸಸಿ ಕಿತ್ತು ಕೈಯಲ್ಲಿ ಹಿಡಿದು ಕಪ್ಪು ಹುಡುಕಬೇಡಿ. ಮೊಸರಿನ ಡಬ್ಬಿ ಆದರೆ ದಬ್ಬಣ ಕಾಯಿಸಿ ತಳಕ್ಕೆ ನಾಲ್ಕಾರು ತೂತು. ತಳದ ಅಂಚಿಗೂ ಒಂದೆರಡು ಇರಲಿ, ಯಾಕೆಂದರೆ ಸಪಾಟು ನೆಲದ ಮೇಲೆ ಇಟ್ಟಾಗ ತಳದ ತೂತು ಮುಚ್ಚಿಹೋಗುತ್ತವೆ. ಮಣ್ಣು ತುಂಬಿ ಒದ್ದೆ ಮಾಡಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಡುವೆ ಪೆನ್ಸಿಲ್ ಚುಚ್ಚಿ ತೂತು ಮಾಡಿ.

ಸಸಿಗಳ ಡಬ್ಬಿಗೆ ಒಂದು ತಾಸು ಮುಂಚೆ ಸ್ವಲ್ಪ ನೀರು ಚಿಮುಕಿಸಿ. ಆಮೇಲೆ ಚಹಾ ಚಮಚದ ಹಿಡಿಕೆಯನ್ನು ಬದಿಯಿಂದ ತಳದವರೆಗೆ ಇಳಿಸಿ, ಐದಾರು ಸಸಿಯ ಗುಂಪನ್ನೇ ಮಣ್ಣು ಸಮೇತ ಮೇಲಕ್ಕೆ ಎತ್ತಿ. ಒಂದೊಂದಾಗಿ ಮೇಲಿಂದ ಎಳೆಯಲು ಹೋಗಬೇಡಿ, ಬೇರು ಅಲ್ಲೇ ಉಳಿಯುತ್ತದೆ. ಆ ಗುಂಪನ್ನು ಅಂಗೈ ಮೇಲೆ ಇಟ್ಟು ಸಣ್ಣಗೆ ಅಲುಗಾಡಿಸಿ. ಬಿಡದಿದ್ದರೆ ಬಟ್ಟಲು ನೀರಿನಲ್ಲಿ ಅದ್ದಿ, ತಾನಾಗೇ ಬೇರ್ಪಡುತ್ತವೆ. ಒಂದು ಸಸಿಯನ್ನು ಅದರ ಬೀಜದ ಎಲೆಯಲ್ಲಿ ಹಿಡಿಯಿರಿ. ದಂಟನ್ನು ಮಾತ್ರ ಮುಟ್ಟಬೇಡಿ. ಪೆನ್ಸಿಲ್ ತೂತಿನಲ್ಲಿ ಬೇರು ನೆಟ್ಟಗೆ ಕೆಳಗೆ ಇಳಿಯಬೇಕು. ತುದಿ ಮಡಚಿ ಮೇಲೆ ಬಂದರೆ ಆ ಗಿಡ ಆಮೇಲೆ ಏಳುವುದೇ ಇಲ್ಲ. ಬೇರು ತುಂಬ ಉದ್ದ ಇದ್ದರೆ ತೂತು ಆಳ ಮಾಡಿ. ಅದೂ ಆಗದಿದ್ದರೆ ತುದಿಯನ್ನು ಉಗುರಿನಿಂದ ಸ್ವಲ್ಪ ಚಿವುಟಿದರೂ ನಡೆಯುತ್ತದೆ.

ಬದಿಯ ಮಣ್ಣನ್ನು ಬೆರಳಿನಿಂದ ಸರಿಸಿ, ಲಘುವಾಗಿ ಒತ್ತಿ. ಮೇಲಿಂದ ಮಗ್‌ನಿಂದ ಸುರಿಯಬೇಡಿ. ಒಂದು ತಾಟಿನಲ್ಲಿ ಎರಡು ಬೆರಳು ನೀರು ಹಾಕಿ, ಕಪ್ಪುಗಳನ್ನು ಅದರಲ್ಲಿ ನಿಲ್ಲಿಸಿ. ಮೇಲ್ಮಣ್ಣು ಬಣ್ಣ ಗಾಢವಾದ ಕೂಡಲೇ ತೆಗೆದುಬಿಡಿ. ಮೂರ್ನಾಲ್ಕು ದಿನ ನೆರಳು.

ಮಾಳಿಗೆ_ತೋಟ | ವಿಜಯಪುರ

ತುಂಬ ಉಪಕಾರ ಆಯಿತು ಅಕ್ಕಾ. ದಂಟು ಹಿಡಿಯಬಾರದು ಅಂತ ಎಲ್ಲರೂ ಹೇಳುತ್ತಾರೆ. ಎಲೆ ಹರಿದರೆ ಪರವಾಗಿಲ್ವಾ?

ಟಿಳಕವಾಡಿ_ಬಾಲ್ಕನಿ | ಬೆಳಗಾವಿ

ಬೀಜದ ಎಲೆ ಹರಿದರೆ ಇನ್ನೊಂದು ಎಲೆ ಬರುತ್ತದೆ. ದಂಟು ಒಂದೇ ಇರುವುದು. ಅದು ಜಜ್ಜಿದರೆ ಕಥೆ ಮುಗಿಯಿತು, ಮೇಲ್ನೋಟಕ್ಕೆ ಎರಡು ದಿನ ಗೊತ್ತೂ ಆಗುವುದಿಲ್ಲ.

ಮುಧೋಳ_ಹುಡುಗ | ಮುಧೋಳ

ಎಲೆವರೆಗೆ ಆಳಕ್ಕೆ ಹೂತುಬಿಡಿ. ದಂಟಿನಿಂದಲೇ ಬೇರು ಬರುತ್ತದೆ. ಗಿಡ ಗಟ್ಟಿ ಆಗುತ್ತದೆ. ನಾನು ಟೊಮೆಟೊ ಹಾಗೇ ಮಾಡುತ್ತೇನೆ.

ಟ್ರೇ_ಕೆಲಸ | ಬಾಗಲಕೋಟೆ

ಟೊಮೆಟೊ ಬೇರೆ, ಮೆಣಸು ಬೇರೆ ತಮ್ಮಾ. ಟೊಮೆಟೊ ದಂಟು ಮಣ್ಣಿಗೆ ತಾಗಿದರೆ ಸಾಕು, ಉದ್ದಕ್ಕೂ ಬೇರು ಬಿಡುತ್ತದೆ. ಮೆಣಸು ಬಿಟ್ಟರೂ ತುಸು ಬಿಡುತ್ತದೆ, ಅದೂ ನಿಧಾನ. ಬುಡ ಕೊಳೆ ಇರುವ ಡಬ್ಬಿಯಿಂದ ತೆಗೆದ ಸಸಿಯ ಎಳೆ ದಂಟನ್ನು ಒದ್ದೆ ಮಣ್ಣಲ್ಲಿ ಆಳಕ್ಕೆ ಹೂಳಿದರೆ ಕೊಳೆಯುವುದಕ್ಕೇ ಜಾಗ ಕೊಟ್ಟಂತೆ. ಬೀಜದ ಎಲೆಗಿಂತ ಅರ್ಧ ಬೆರಳು ಕೆಳಗೆ ಮಣ್ಣು ಬಂದರೆ ಸಾಕು.

ಮುಧೋಳ_ಹುಡುಗ | ಮುಧೋಳ

ಉದ್ದಕ್ಕೆ ಬೆಳೆದು ಬಾಗಿದ ಸಸಿ ಆದರೆ? ಅದನ್ನು ಮೇಲೇ ಬಿಟ್ಟರೆ ಗಾಳಿಗೆ ಮುರಿಯುತ್ತದೆ ಅಲ್ವಾ?

ಟಿಳಕವಾಡಿ_ಬಾಲ್ಕನಿ | ಬೆಳಗಾವಿ

ಅಂಥದ್ದನ್ನು ಬೀಜದ ಎಲೆಯ ಹತ್ತಿರದವರೆಗೆ ಇಳಿಸಬಹುದು. ಎಲೆ ಮಾತ್ರ ಮಣ್ಣಿಗೆ ತಾಗಬಾರದು. ನಮ್ಮ ಬೆಳಗಾವಿಯಲ್ಲಿ ಜೂನ್ ಬಂದರೆ ಗಾಳಿಯೇ ಗಾಳಿ. ನಾನಂತೂ ಬುಡಕ್ಕೆ ಪೊರಕೆ ಕಡ್ಡಿ ಚುಚ್ಚಿ ಆಧಾರ ಕೊಡುತ್ತೇನೆ.

ಹುಕ್ಕೇರಿ_ಕಾಕಾ | ಹುಕ್ಕೇರಿ

ಮಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ತಾಯೀ, ಎರೆ ಮಣ್ಣನ್ನು ಒಂದನ್ನೇ ಕಪ್ಪಿಗೆ ತುಂಬಬೇಡಮ್ಮಾ. ಹೊಲದಲ್ಲಿ ಅದು ಬಂಗಾರ, ಕಪ್ಪಿನಲ್ಲಿ ಅದೇ ವೈರಿ. ಒದ್ದೆ ಆದಾಗ ಉಬ್ಬಿ ಗಾಳಿ ಕಟ್ಟುತ್ತದೆ, ಒಣಗಿದಾಗ ಕುಗ್ಗಿ ಕಪ್ಪಿನ ಬದಿ ಬಿಟ್ಟು ಬಿರಿಯುತ್ತದೆ, ಎಳೆ ಬೇರು ಹರಿಯುತ್ತದೆ. ನೀರು ಹಾಕಿದರೆ ಆ ಬಿರುಕಿನಲ್ಲಿ ಇಳಿದು ತಳದಿಂದ ಹೋಗುತ್ತದೆ, ನಡುವಿನ ಮಣ್ಣು ಒಣಗೇ ಇರುತ್ತದೆ.

ಸಣ್ಣ ಕಪ್ಪಿಗೆ ಎರಡು ಪಾಲು ಕೊಕೊಪೀಟು, ಒಂದು ಪಾಲು ಸಾಣಿಗೆ ಹಿಡಿದ ಎರೆಹುಳು ಗೊಬ್ಬರ, ಒಂದು ಹಿಡಿ ಉಸುಕು. ಸ್ವಲ್ಪ ಬೇವಿನ ಹಿಂಡಿ ಪುಡಿ ಹಾಕಿದರೆ ಒಳ್ಳೆಯದು. ಕೆಂಪು ಮಣ್ಣು ಸಿಕ್ಕರೆ ಅದನ್ನೂ ಒಂದು ಪಾಲು ಹಾಕು, ಖಾನಾಪುರ ಕಡೆಯಿಂದ ಯಾರಾದರೂ ಬರುವವರಿದ್ದರೆ ಒಂದು ಚೀಲ ತರಿಸು.

ನಮ್ಮ ಕಡೆ ಸಕ್ಕರೆ ಕಾರ್ಖಾನೆ ಜಾಸ್ತಿ, ಕಬ್ಬಿನ ರಸ ಸೋಸಿ ಉಳಿದ ಪ್ರೆಸ್ ಮಡ್ ಟ್ರಾಲಿಗಟ್ಟಲೆ ಸಿಗುತ್ತದೆ. ಅದನ್ನು ಹಸಿಯಾಗಿ ಯಾರೂ ಕಪ್ಪಿಗೆ ಹಾಕಬೇಡಿ. ಕೊಳೆಯುವಾಗ ಬಿಸಿ ಏರುತ್ತದೆ, ಸಸಿ ಬೆಂದುಹೋಗುತ್ತದೆ. ತಿಂಗಳುಗಟ್ಟಲೆ ಕೊಳೆತು ಕಪ್ಪಾಗಿ ಮಣ್ಣಿನ ವಾಸನೆ ಬಂದ ಮೇಲೆ ಬಳಸಿ.

ಸಿಂದಗಿ_ರೇಖಾ | ಸಿಂದಗಿ

ಕಾಕಾ, ಕೊಕೊಪೀಟ್ ಹಾಗೇ ನೆನೆಸಿ ಹಾಕಬಹುದಾ? ನಮ್ಮಲ್ಲಿ ಹಾಕಿದ್ದೆಲ್ಲ ಎಲೆ ಅಂಚು ಸುಟ್ಟಂತಾಗಿ ನಿಂತುಬಿಡುತ್ತದೆ.

ಟ್ರೇ_ಕೆಲಸ | ಬಾಗಲಕೋಟೆ

ತೊಳೆಯದ ಕೊಕೊಪೀಟಿನಲ್ಲಿ ಉಪ್ಪು ಇರುತ್ತದೆ, ಸೋಡಿಯಂ ಮತ್ತು ಪೊಟ್ಯಾಶಿಯಂ. ಕಂದು ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆದು ಹಿಂಡಿ. ಪಾಕೀಟಿನ ಮೇಲೆ "ಲೋ ಇಸಿ" (ಉಪ್ಪು ಕಮ್ಮಿ) ಅಂತ ಇದ್ದರೆ ಒಮ್ಮೆ ತೊಳೆದರೆ ಸಾಕು. 5 ಕೆಜಿಯ ಇಟ್ಟಿಗೆ ನೆನೆದರೆ 70 ಲೀಟರಿನ ಆಸುಪಾಸು ಆಗುತ್ತದೆ, ಒಮ್ಮೆಲೇ ಪೂರ್ತಿ ನೆನೆಸಬೇಡಿ, ಬೇಕಾದಷ್ಟು ಮುರಿದುಕೊಳ್ಳಿ.

ಆದರೆ ನಿಮ್ಮದು ನೀರಿನದೇ ತೊಂದರೆ ಇರಬಹುದು. ಬೋರಿನ ನೀರಾ?

ಸಿಂದಗಿ_ರೇಖಾ | ಸಿಂದಗಿ

ಹೌದು ಬೋರು. ಬಕೆಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತದೆ.

ಟ್ರೇ_ಕೆಲಸ | ಬಾಗಲಕೋಟೆ

ಹಾಗಾದರೆ ಅದೇ. ಸಸಿಗಳಿಗೆ ಮಾತ್ರ ಕುಡಿಯುವ ನೀರು ಹಾಕಿ, ಎಷ್ಟು ಬೇಕಾಗುತ್ತದೆ, ದಿನಕ್ಕೆ ಒಂದು ಲೋಟ. ಆರ್‌ಓ ಯಂತ್ರದ ಹೊರಗೆ ಹೋಗುವ ನೀರು ಹಾಕುವವರೂ ಇದ್ದಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ, ಬೇಡವೇ ಬೇಡ.

ಖಾರಪುಡಿ | ಗೋಕಾಕ

ಒಂದು ಮೆಣಸಿನ ಗಿಡಕ್ಕೆ ಕುಡಿಯುವ ನೀರು, ಕೊಕೊಪೀಟು, ಬೇವಿನ ಹಿಂಡಿ. ಇದಕ್ಕಿಂತ ಕಾಯಿ ಕೊಂಡರೆ ಅಗ್ಗ.

ಹುಕ್ಕೇರಿ_ಕಾಕಾ | ಹುಕ್ಕೇರಿ

ನೀವು ಕೊಂಡೇ ತಿನ್ನಿ. ಯಾರು ಬೇಡ ಅಂದರು?

ನಿಪ್ಪಾಣಿ_ಪಾಟೀಲ | ನಿಪ್ಪಾಣಿ

ಒಂದು ಮುಖ್ಯ ಮಾತು ಬಿಟ್ಟುಹೋಗಿದೆ. ತಂಬಾಕು ಮುಟ್ಟಿದ ಕೈಯಲ್ಲಿ ಮೆಣಸಿನ ಸಸಿ ಮುಟ್ಟಬೇಡಿ. ನಮ್ಮದು ತಂಬಾಕಿನ ಊರು, ಇಲ್ಲಿ ಇದು ದಿನದ ಮಾತು. ತಂಬಾಕು, ಮೆಣಸು, ಟೊಮೆಟೊ, ಬದನೆ ಎಲ್ಲ ಒಂದೇ ಕುಲ. ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಬದುಕಿರುತ್ತದೆ. ಬೀಡಿ ಸೇದಿ, ತಂಬಾಕು ತಿಕ್ಕಿ, ಅದೇ ಬೆರಳಿನಿಂದ ಸಸಿ ಹಿಡಿದರೆ ಗಾಯದ ಮೂಲಕ ಒಳಗೆ ಹೋಗುತ್ತದೆ. ಬೇರೆ ಮಾಡುವಾಗ ಎಲೆಗೆ, ಬೇರಿಗೆ ಸಣ್ಣ ಸಣ್ಣ ಗಾಯ ಆಗಿಯೇ ಆಗುತ್ತವೆ. ಆಮೇಲೆ ಎಲೆ ಮೇಲೆ ತಿಳಿ ಹಸಿರು, ಕಡು ಹಸಿರು ತೇಪೆ ಬರುತ್ತದೆ, ಗಿಡ ಗಿಡ್ಡ ಉಳಿಯುತ್ತದೆ. ಬಂದ ಮೇಲೆ ಔಷಧ ಇಲ್ಲ.

ಸೋಪು ಹಚ್ಚಿ ಕೈ ತೊಳೆಯಿರಿ. ಕೆಲವು ಕಡೆ ಸಸಿ ಮುಟ್ಟುವ ಮುಂಚೆ ಕೆನೆ ತೆಗೆದ ಹಾಲಿನಲ್ಲಿ ಬೆರಳು ಅದ್ದುತ್ತಾರೆ. ಹಾಲಿನ ಪ್ರೋಟೀನು ಆ ವೈರಸ್ಸನ್ನು ನಿಷ್ಕ್ರಿಯ ಮಾಡುತ್ತದೆ.

ಎರೆಹೊಲ | ಇಂಡಿ

ನಾವು ತಂಬಾಕಿನ ಕಷಾಯವನ್ನೇ ಮೆಣಸಿಗೆ ಹೊಡೆಯುತ್ತಿದ್ದೆವಲ್ಲ? ಹೇನು ಹೋಗುತ್ತಿತ್ತು. ಗಿಡ ಸಾಯಲಿಲ್ಲ.

ನಿಪ್ಪಾಣಿ_ಪಾಟೀಲ | ನಿಪ್ಪಾಣಿ

ಕುದಿಸಿದ ಕಷಾಯ ಆದರೆ ಬೇರೆ ಮಾತು ಸಾಹೇಬರೇ. ಚೆನ್ನಾಗಿ ಕುದಿ ಬಂದರೆ ವೈರಸ್ ಉಳಿಯುವುದಿಲ್ಲ. ಅದನ್ನು ಕೆಡಿಸಲು 90 ಡಿಗ್ರಿಗಿಂತ ಮೇಲೆ ಕಾಯಬೇಕು. ರಾತ್ರಿ ತಣ್ಣೀರಿನಲ್ಲಿ ನೆನೆಸಿ ಬೆಳಿಗ್ಗೆ ಸೋಸಿ ಹೊಡೆಯುವವರಿದ್ದಾರೆ ನೋಡಿ, ಅಪಾಯ ಅಲ್ಲಿದೆ. ನಿಕೋಟಿನ್ ಮನುಷ್ಯನ ಚರ್ಮಕ್ಕೂ ಒಳ್ಳೆಯದಲ್ಲ, ಕೈಗವಸು ಇಲ್ಲದೆ ಆ ಕೆಲಸ ಬೇಡ.

ಎರೆಹೊಲ | ಇಂಡಿ

ಇದು ಗೊತ್ತಿರಲಿಲ್ಲ. ಸರಿ.

ಮಾಳಿಗೆ_ತೋಟ | ವಿಜಯಪುರ

ನಮ್ಮ ಮಾವ ತಂಬಾಕು ತಿಕ್ಕುತ್ತಾರೆ, ಸಸಿಗಳ ಹತ್ತಿರ ದಿನಾ ಹೋಗಿ ಎಲೆ ಸವರಿ ಬರುತ್ತಾರೆ. ಇವತ್ತಿನಿಂದ ಅವರಿಗೆ ಮಾಳಿಗೆ ಬಂದ್.

ಕುಂಡದ ಪ್ರಶ್ನೆಗೆ ಇನ್ನೂ ಉತ್ತರ ಬರಲಿಲ್ಲ. ಸಣ್ಣ ಕಪ್ಪು ಯಾಕೆ? ಹನ್ನೆರಡು ಇಂಚಿನ ಕುಂಡ ಖಾಲಿಯೇ ಇದೆ.

ಟ್ರೇ_ಕೆಲಸ | ಬಾಗಲಕೋಟೆ

ಎರಡಿಂಚು ಬೇರಿಗೆ ಒಂದು ಬಕೆಟ್ ಮಣ್ಣು ಕೊಟ್ಟರೆ ಅದು ಕುಡಿಯುವುದು ಒಂದು ಚಮಚ, ಉಳಿದ ನೀರೆಲ್ಲ ಮಣ್ಣಲ್ಲೇ ನಿಲ್ಲುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ದಿನಗಟ್ಟಲೆ ಒದ್ದೆ ಇದ್ದರೆ ಮತ್ತೆ ಅದೇ ಕೊಳೆ. ಸಣ್ಣ ಕಪ್ಪಾದರೆ ಒಂದೆರಡು ದಿನಕ್ಕೆ ಒಣಗುತ್ತದೆ, ನೀವು ಮತ್ತೆ ಹಾಕುತ್ತೀರಿ, ಒಣಗಿ ನೆನೆಯುವ ಆ ಆಟದಲ್ಲೇ ಬೇರು ಹಬ್ಬುತ್ತದೆ. ಇನ್ನೊಂದು ಲಾಭ, ಬಿಸಿಲು ಏರಿದರೆ ಕಪ್ಪುಗಳ ತಾಟನ್ನೇ ಎತ್ತಿ ಒಳಗೆ ಇಡಬಹುದು. ಕುಂಡಗಳನ್ನು ಹೊರುತ್ತಾ ಕೂರುತ್ತೀರಾ?

ಅತ್ತೆಯವರು ಹೇಳಿದ್ದರಲ್ಲೂ ಅರ್ಧ ಸತ್ಯ ಇದೆ. ಎರಡನೇ ಸಲ ಬದಲಿಸುವಾಗ ಬೇರು ಕೆದರಿದರೆ ಗಿಡ ಖಂಡಿತ ಸೊರಗುತ್ತದೆ. ಆದರೆ ಕಪ್ಪಿನಿಂದ ಮಣ್ಣಿನ ಗಡ್ಡೆ ಒಡೆಯದೆ ಜಾರಿಸಿ ಇಟ್ಟರೆ ಗಿಡಕ್ಕೆ ತಿಳಿಯುವುದೂ ಇಲ್ಲ.

ಟಿಳಕವಾಡಿ_ಬಾಲ್ಕನಿ | ಬೆಳಗಾವಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಲ್ವಾ. ಎರಡು ಸಸಿ ಅತ್ತೆಗೇ ಕೊಡಿ, ಅವರು ದೊಡ್ಡ ಕುಂಡದಲ್ಲಿ ಹಚ್ಚಲಿ. ಮನೆಯಲ್ಲಿ ಶಾಂತಿ ಇರುತ್ತದೆ.

ಜಮಖಂಡಿ_ಸರ್ | ಜಮಖಂಡಿ

ಬ್ಯಾಡಗಿ ಬೀಜದ ಬಗ್ಗೆ ಒಂದು ಮಾತು. ಮನೆಯ ಒಣಕಾಯಿಯ ಬೀಜ ಹುಟ್ಟಿದ್ದು ಸಂತೋಷ. ಆದರೆ ಬ್ಯಾಡಗಿ ಅಂತ ಅಂಗಡಿಯಲ್ಲಿ ಮಾರುವುದೆಲ್ಲ ಬ್ಯಾಡಗಿ ಅಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ, ಆದರೂ ಬ್ಯಾಡಗಿ ಊರಿನ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರ ಕಡೆಯಿಂದಲೂ ಮಾಲು ಬರುತ್ತದೆ. ಅದರಲ್ಲಿ ಹೈಬ್ರಿಡ್ ಇದ್ದರೆ ನಿಮ್ಮ ಗಿಡದಲ್ಲಿ ಏನು ಕಾಯಿ ಬರುತ್ತದೋ ದೇವರೇ ಬಲ್ಲ. ಅಲ್ಲದೆ ಮೆಣಸಿನ ಹೂವಿಗೆ ಜೇನ್ನೊಣ ಬರುತ್ತವೆ. ಪಕ್ಕದ ಹೊಲದ ತಳಿ ಬೆರೆತಿದ್ದರೂ ಬೀಜದಲ್ಲಿ ಗೊತ್ತಾಗುವುದಿಲ್ಲ. ಕಪ್ಪಿನ ಮೇಲೆ ಯಾವುದು ಯಾವುದೆಂದು ಪೆನ್ನಿನಲ್ಲಿ ಬರೆದಿಡಿ. ಎಳೆ ಸಸಿಯಲ್ಲಿ ದೊಣ್ಣೆ ಮೆಣಸಿನ ಎಲೆ ಸ್ವಲ್ಪ ಅಗಲ ಕಂಡರೂ ಖಾತ್ರಿಯಾಗಿ ಹೇಳುವುದು ಕಷ್ಟ.

ಹುಕ್ಕೇರಿ_ಕಾಕಾ | ಹುಕ್ಕೇರಿ

ಬ್ಯಾಡಗಿ ಬ್ಯಾಡಗಿ ಅನ್ನುತ್ತೀರಿ, ನಮ್ಮ ತಾಲ್ಲೂಕಿನ ಸಂಕೇಶ್ವರಿ ಯಾರಿಗೂ ನೆನಪಿಲ್ಲ. ಉದ್ದ, ಸಪೂರ, ಖಾರ ಅಂದರೆ ಖಾರ. ಬ್ಯಾಡಗಿಯಲ್ಲಿ ಬಣ್ಣ ಇದೆ, ಖಾರ ಎಲ್ಲಿದೆ?

ಟಿಳಕವಾಡಿ_ಬಾಲ್ಕನಿ | ಬೆಳಗಾವಿ

ಎರಡೂ ಬೆರೆಸಿ ಪುಡಿ ಮಾಡಿಸಿದರೆ ತಾನೇ ಸಾರು ಸಾರು ಅನ್ನಿಸುವುದು ಕಾಕಾ. ಬಣ್ಣಕ್ಕೆ ಅದು, ಖಾರಕ್ಕೆ ಇದು.

ಮುಧೋಳ_ಹುಡುಗ | ಮುಧೋಳ

ಹಣ್ಣು ಮೆಣಸಿನಕಾಯಿ ರಂಜಕ, ಮೇಲೆ ಒಂದಿಷ್ಟು ಎಣ್ಣೆ, ಖಡಕ್ ರೊಟ್ಟಿ. ಇಲ್ಲಿ ಹಾಸ್ಟೆಲಿನಲ್ಲಿ ಕೂತು ಓದುತ್ತಿದ್ದೇನೆ, ಬಾಯಲ್ಲಿ ನೀರು.

ಜಮಖಂಡಿ_ಸರ್ | ಜಮಖಂಡಿ

ಚರ್ಚೆ ಊಟಕ್ಕೆ ಹೋಯಿತು. ವಾಪಸ್ ಬನ್ನಿ.

ಮಾಳಿಗೆ_ತೋಟ | ವಿಜಯಪುರ

ನಿನ್ನೆ ಸಂಜೆ ಬೇರೆ ಮಾಡಿದೆ. ಅಂಗೈ ಮೇಲೆ ಅಲುಗಾಡಿಸುವ ಉಪಾಯ ಚೆನ್ನಾಗಿ ನಡೆಯಿತು. ಬ್ಯಾಡಗಿ ಸಲೀಸಾಗಿ ಬಂತು, ದೊಣ್ಣೆ ಮೆಣಸಿನ ಬೇರು ಒಂದಕ್ಕೊಂದು ಹೆಣೆದುಕೊಂಡಿತ್ತು, ನೀರಿನಲ್ಲಿ ಅದ್ದಿದ ಮೇಲೆ ಬಿಟ್ಟವು. ಇವತ್ತು ಮಧ್ಯಾಹ್ನ ಎಲ್ಲ ಎಲೆ ಇಳಿಬಿಟ್ಟು ನಿಂತಿವೆ. ಮಣ್ಣು ಒದ್ದೆ ಇದೆ. ನೆರಳಲ್ಲೇ ಇವೆ. ನೀರು ಹಾಕಲಾ?

ಟ್ರೇ_ಕೆಲಸ | ಬಾಗಲಕೋಟೆ

ಹಾಕಬೇಡಿ. ತುದಿ ಬೇರು ಹರಿದಿರುತ್ತವೆ, ಎಲೆ ಕೇಳುವಷ್ಟು ನೀರು ಮೇಲೆ ಕಳಿಸಲು ಆಗುವುದಿಲ್ಲ, ಅಷ್ಟೇ. ಎಲೆ ಮೇಲೆ ಬೇಕಾದರೆ ಸಣ್ಣಗೆ ಚಿಮುಕಿಸಿ. ಸಂಜೆ ಏಳುತ್ತವೆ. ಸಂಜೆಯೂ ಏಳದಿದ್ದರೆ ಬುಡ ನೋಡಿ, ಅಲ್ಲಿ ಕಂದು ಬಣ್ಣ ಇದ್ದರೆ ಅದನ್ನು ತೆಗೆದುಬಿಡಿ.

ಹೊಸ ಎಲೆ ಮೂಡುವವರೆಗೆ ಗೊಬ್ಬರ ಏನೂ ಬೇಡ. ಆಮೇಲೆ ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ 1 ಗ್ರಾಂ ವಾರಕ್ಕೊಮ್ಮೆ. ಇಲ್ಲವಾದರೆ ಎರೆಹುಳು ಗೊಬ್ಬರ ನೆನೆಸಿ ಸೋಸಿದ ನೀರು.

ಮಾಳಿಗೆ_ತೋಟ | ವಿಜಯಪುರ

ಎದ್ದವು! ಮೂರು ಮಾತ್ರ ಹಾಗೇ ಮಲಗಿವೆ.

ಸಿಂದಗಿ_ರೇಖಾ | ಸಿಂದಗಿ

ಬಿಸಿಲಿಗೆ ಯಾವಾಗ ತರುವುದು? ವಿಜಯಪುರ ಜಿಲ್ಲೆಯ ಬಿಸಿಲು ಬೆಳಗಾವಿಯವರಿಗೆ ಅರ್ಥ ಆಗಲಿಕ್ಕಿಲ್ಲ.

ಟಿಳಕವಾಡಿ_ಬಾಲ್ಕನಿ | ಬೆಳಗಾವಿ

ಅರ್ಥ ಆಗುತ್ತದೆ ರೀ, ನಮ್ಮ ತವರು ಬಬಲೇಶ್ವರ.

ಟ್ರೇ_ಕೆಲಸ | ಬಾಗಲಕೋಟೆ

ನಾಲ್ಕು ದಿನ ನೆರಳು ಆದ ಮೇಲೆ ಬೆಳಿಗ್ಗೆ ಒಂದು ತಾಸು, ಆಮೇಲೆ ಎರಡು, ಹೀಗೆ ವಾರ ಹತ್ತು ದಿನದಲ್ಲಿ ಏರಿಸುತ್ತಾ ಹೋಗಿ. ಬೆಳಗಿನ ಬಿಸಿಲು ಮಾತ್ರ. ಮಧ್ಯಾಹ್ನ 50 ಪರ್ಸೆಂಟಿನ ಶೇಡ್ ನೆಟ್ ಕೆಳಗೆ. ಸಿಮೆಂಟು ನೆಲದ ಮೇಲೆ ನೇರ ಇಡಬೇಡಿ, ಕೆಳಗಿನಿಂದಲೂ ಕಾಯುತ್ತದೆ. ಹಲಗೆಯೋ ಇಟ್ಟಿಗೆಯೋ ಇಟ್ಟು ಅದರ ಮೇಲಿಡಿ. ಕಪ್ಪು ಬಣ್ಣದ ಡಬ್ಬಿ ಆದರೆ ಸುತ್ತ ಬಿಳಿ ಕಾಗದ ಸುತ್ತಿ.

ದೊಣ್ಣೆ ಮೆಣಸಿನ ವಿಷಯದಲ್ಲಿ ಮಾತ್ರ ಈಗಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಹಗಲು 35ರ ಮೇಲೆ ಹೋದರೆ ದೊಣ್ಣೆ ಮೆಣಸಿನ ಹೂ ಉದುರುತ್ತದೆ. ಗಿಡ ಬದುಕುತ್ತದೆ, ಕಾಯಿ ಕಚ್ಚುವುದಿಲ್ಲ. ಮಳೆ ಬಿದ್ದು ತಂಪಾದ ಮೇಲೆ ಕಚ್ಚುತ್ತದೆ, ಅಲ್ಲಿಯವರೆಗೆ ಬೈಯಬೇಡಿ. ಇನ್ನೊಂದು ಸಲ ಅದನ್ನು ಆಗಸ್ಟ್ ಸೆಪ್ಟೆಂಬರಿನಲ್ಲಿ ಬಿತ್ತಿ.

ಎರೆಹೊಲ | ಇಂಡಿ

ಕಬ್ಬಿನ ರವದಿ (ಒಣ ಎಲೆ) ಸಿಕ್ಕರೆ ದೊಡ್ಡ ಕುಂಡದ ಮಣ್ಣಿನ ಮೇಲೆ ಹೊದಿಸಿ. ನೀರು ಆರುವುದಿಲ್ಲ. ಬುಡಕ್ಕೆ ತಾಗದಂತೆ ಎರಡು ಬೆರಳು ಬಿಡಿ.

ಮಾಳಿಗೆ_ತೋಟ | ವಿಜಯಪುರ

ಕಪ್ಪಿನಿಂದ ಕುಂಡಕ್ಕೆ ಯಾವಾಗ ಅಂತ ಹೇಗೆ ಗೊತ್ತಾಗುತ್ತದೆ? ಕಾಗದದ ಕಪ್ಪನ್ನು ಹಾಗೇ ಹೂಳಬಹುದಾ?

ಟಿಳಕವಾಡಿ_ಬಾಲ್ಕನಿ | ಬೆಳಗಾವಿ

ತಳದ ತೂತಿನಿಂದ ಬಿಳಿ ಬೇರು ಇಣುಕಿದರೆ, ಗಿಡಕ್ಕೆ ಆರೆಂಟು ಎಲೆ ಆಗಿದ್ದರೆ ಹೊತ್ತು ಬಂತು. ಚಹಾ ಕಪ್ಪಿನ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ, ಅದು ಕರಗುವುದಿಲ್ಲ. ಬದಿ ಹರಿದು ತೆಗೆದುಬಿಡಿ. ಹಾಲಿನ ಪಾಕೀಟು ಆದರೆ ಕತ್ತರಿ.

ಜಮಖಂಡಿ_ಸರ್ | ಜಮಖಂಡಿ

ಕುಂಡಕ್ಕೆ ಹೋದ ಮೇಲೆ ಎಲೆ ಮುದುಡುವ ಕಥೆ ಶುರುವಾಗುತ್ತದೆ, ಈಗಲೇ ಕಣ್ಣಿಡಿ. ಎಲೆಯ ಅಂಚು ಮೇಲಕ್ಕೆ ಸುತ್ತಿಕೊಂಡರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಕೆಳಕ್ಕೆ ಮಡಚಿ ಎಲೆ ಉದ್ದಕ್ಕೆ ಸಪೂರ ಆದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ ಬೇರೆ. ಎರಡನ್ನೂ ಸೇರಿಸಿ ಮುಟುರು ರೋಗ ಅಂದು, ಅಂಗಡಿಯವನು ಕೊಟ್ಟಿದ್ದನ್ನು ಹೊಡೆಯುವುದೇ ಎಲ್ಲ ಕಡೆ ನಡೆಯುತ್ತಿದೆ. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಅದೂ ಬಿಸಿಲು ಇಳಿದ ಮೇಲೆ. ಥ್ರಿಪ್ಸಿಗೆ ಬೇವಿನೆಣ್ಣೆ, ನೀಲಿ ಅಂಟು ಹಾಳೆ. 2021ರಲ್ಲಿ ಆಂಧ್ರ, ತೆಲಂಗಾಣ, ನಮ್ಮ ಕಡೆಯೂ ಮೆಣಸು ಹಾಳು ಮಾಡಿದ ಕಪ್ಪು ಥ್ರಿಪ್ಸ್ ಹೂವಿನ ಒಳಗೇ ಕೂರುತ್ತದೆ. ಬಿಳಿ ಕಾಗದದ ಮೇಲೆ ಹೂ ಕೊಡವಿ ನೋಡಿ, ಓಡಾಡುವುದು ಕಾಣುತ್ತದೆ.

ಮುಧೋಳ_ಹುಡುಗ | ಮುಧೋಳ

ಸಣ್ಣ ಗಿಡದಲ್ಲೇ ಹೂ ಬಂದರೆ ಕಿತ್ತುಹಾಕಬೇಕಾ? ನಮ್ಮ ಮನೆಯಲ್ಲಿ ಕಪ್ಪಿನಲ್ಲಿರುವಾಗಲೇ ಒಂದಕ್ಕೆ ಮೊಗ್ಗು ಬಂದಿದೆ.

ಟ್ರೇ_ಕೆಲಸ | ಬಾಗಲಕೋಟೆ

ಕಿತ್ತುಹಾಕು. ಕಪ್ಪಿನಲ್ಲಿ ಮೊಗ್ಗು ಬಂತು ಅಂದರೆ ಬೇರಿಗೆ ಜಾಗ ಸಾಲುತ್ತಿಲ್ಲ ಅಂತ ಅರ್ಥ. ಇವತ್ತೇ ಕುಂಡಕ್ಕೆ ಹಚ್ಚು.

ಎರೆಹೊಲ | ಇಂಡಿ

ಹೂ ಕೀಳುವುದು ನಾನಂತೂ ಮಾಡುವುದಿಲ್ಲ. ಬಂದದ್ದು ಬರಲಿ.

ಮುಧೋಳ_ಹುಡುಗ | ಮುಧೋಳ

ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಮೊಗ್ಗು ಕೀಳಲು ಒಪ್ಪಲಿಲ್ಲ, ಕುಂಡಕ್ಕೆ ಹಚ್ಚಲು ಒಪ್ಪಿದ್ದಾರೆ.